ನಾಗಜ್ಯೋತಿಯ ನಾಲ್ಕು ಪುಟ

ಆಂಧ್ರಕ್ಕೆ ಸೇರಿದ ನಮ್ಮ ಆದವಾನಿಯಲ್ಲಿ ಪತ್ರಕರ್ತರಿಗೆ ಕೊರತೆಯಿಲ್ಲ. ಹತ್ತಿ ಮಾರ್ಕೆಟ್ಟಿನ ಗೇಟಿನ ಹತ್ತಿರ ಬೆಳಿಗ್ಗೆ ನಿಂತರೆ 'ಪ್ರೆಸ್' ಎಂದು ಬರೆಸಿಕೊಂಡ ಬೈಕುಗಳು ಇಪ್ಪತ್ತಾದರೂ ಕಾಣುತ್ತವೆ. ಅವರು ಶಾಸಕರ ಬಗ್ಗೆ ಬರೆಯುತ್ತಾರೆ, ತಹಸೀಲ್ದಾರರ ಬಗ್ಗೆ ಬರೆಯುತ್ತಾರೆ, ನಲ್ಲಿಯಲ್ಲಿ ನೀರು ಬಾರದ ಓಣಿಯ ಬಗ್ಗೆ ಬರೆಯುತ್ತಾರೆ. ಪತ್ರಿಕೆ ನಡೆಸುವ ದೊಡ್ಡವರ ಬಗ್ಗೆ, ಟಿವಿ ಚಾನೆಲ್ಲಿನ ಒಡೆಯರ ಬಗ್ಗೆ ಬರೆಯುವವಳು ನನಗೆ ತಿಳಿದಂತೆ ಒಬ್ಬಳೇ, ಪೆದ್ದಹರಿವಾಣಂನ ನಾಗಜ್ಯೋತಿ. ಆಕೆ ತಿಂಗಳಿಗೊಮ್ಮೆ ಹೊರತರುವ ಪತ್ರಿಕೆಯ ಹೆಸರು 'ಅಸಲು ಮಾಟ', ಎಂದರೆ ನಿಜವಾದ ಮಾತು. ಅದು ತೆಲುಗಿನಲ್ಲಿ ಬರುತ್ತದೆ, ಏಕೆಂದರೆ ಮನೆಯಲ್ಲಿ ಕನ್ನಡ ಆಡುವ ನಮ್ಮ ಕಡೆಯ ಜನ ಓದಲು ಕಲಿತದ್ದು ತೆಲುಗು. ನಾಲ್ಕೇ ಪುಟ. ಆರುನೂರು ಪ್ರತಿ.

ಆಕೆಗೆ ಈಗ ನಲವತ್ತೊಂದು ವರ್ಷ. ಕೂಲಿ ಮಾಡುವವರ ಮಗಳು. ಆದವಾನಿಗೆ ಬಸ್ಸಿನಲ್ಲಿ ಓಡಾಡಿ ಡಿಗ್ರಿ ಮುಗಿಸಿ, ಒಂಬತ್ತು ವರ್ಷ ಒಂದು ದೊಡ್ಡ ದಿನಪತ್ರಿಕೆಗೆ ಹಳ್ಳಿಗಳ ಸುದ್ದಿ ಬರೆದಳು. ಒಮ್ಮೆ ಹತ್ತಿ ಮಿಲ್ಲೊಂದರ ಗೋಡೆ ಕುಸಿದು ಇಬ್ಬರು ಕೂಲಿ ಹೆಂಗಸರು ಸತ್ತರು. ಆಕೆ ಬರೆದು ಕಳಿಸಿದ ಸುದ್ದಿ ಮರುದಿನ ಅಚ್ಚಾದಾಗ ಅದರಲ್ಲಿ ಸತ್ತವರ ಹೆಸರಿತ್ತು, ಮಿಲ್ಲಿನ ಹೆಸರಿರಲಿಲ್ಲ. ಮಿಲ್ಲು ಪತ್ರಿಕೆಯ ಮಾಲೀಕರ ಬೀಗರದ್ದು. ಏಕೆ ತೆಗೆದಿರಿ ಎಂದು ಕೇಳಿದ್ದಕ್ಕೆ ಗುರುತಿನ ಚೀಟಿ ಹಿಂದಿರುಗಿಸಲು ಹೇಳಿದರು. ಕೊಟ್ಟು ಬಂದಳು. ಮುಂದಿನ ತಿಂಗಳೇ ನಾಲ್ಕು ಪುಟ ಅಚ್ಚು ಹಾಕಿಸಿದಳು. ಮೊದಲ ಪುಟದಲ್ಲಿ ಮಿಲ್ಲಿನ ಹೆಸರು, ಮಾಲೀಕನ ಹೆಸರು, ಬೀಗನ ಹೆಸರು ಒಂದರ ಕೆಳಗೊಂದು ಇದ್ದವು.

ನಾಗಜ್ಯೋತಿ ಒಂದು ನೇಮ ಇಟ್ಟುಕೊಂಡಿದ್ದಾಳೆ. ಯಾರ ಬಗ್ಗೆ ಬರೆಯುತ್ತಾಳೋ ಅವರಿಗೆ ಮೊದಲು ರಿಜಿಸ್ಟರ್ ಪೋಸ್ಟಿನಲ್ಲಿ ಕಾಗದ ಹಾಕುತ್ತಾಳೆ. ನಿಮ್ಮ ಬಗ್ಗೆ ನನಗೆ ತಿಳಿದದ್ದು ಇಷ್ಟು, ನನ್ನ ಹತ್ತಿರ ಇರುವ ಆಧಾರ ಇವು, ಇದಕ್ಕೆ ನೀವೇನು ಹೇಳುತ್ತೀರಿ ಎಂದು ಕೇಳುತ್ತಾಳೆ. ಹತ್ತು ದಿನ ಕಾಯುತ್ತಾಳೆ. ಉತ್ತರ ಬಂದರೆ ಒಂದಕ್ಷರ ಬಿಡದೆ ಅಚ್ಚು ಹಾಕುತ್ತಾಳೆ. ಅವರು ನಮ್ಮನ್ನು ಕೇಳದೆ ಬರೆಯುತ್ತಾರೆ, ನಾನೂ ಹಾಗೆ ಬರೆದರೆ ನನಗೂ ಅವರಿಗೂ ಏನು ವ್ಯತ್ಯಾಸ ಎನ್ನುವುದು ಆಕೆಯ ಮಾತು. ಈ ನೇಮದಿಂದಲೇ ಎರಡು ವರ್ಷದ ಹಿಂದೆ ಒಬ್ಬ ನಿರಪರಾಧಿ ಜೈಲಿನಲ್ಲಿ ಇನ್ನಷ್ಟು ದಿನ ಕೊಳೆಯುವಂತಾಯಿತು. ಆಕೆ ಅದನ್ನು ನನ್ನ ಮುಂದೆ ಮುಚ್ಚಿಡಲಿಲ್ಲ. ನಾನೂ ಮುಚ್ಚಿಡುವುದಿಲ್ಲ.

ಹೈದರಾಬಾದಿನಲ್ಲಿ ಒಂದು ತೆಲುಗು ಚಾನೆಲ್ಲಿದೆ. ಅದರ ಹೆಸರು ನನಗೆ ಬೇಡ. ನಮ್ಮ ಕಡೆ ಅದನ್ನು 'ದೊಡ್ಡ ಚಾನೆಲ್ಲು' ಎನ್ನುತ್ತಾರೆ, ಅದರ ಒಡೆಯನನ್ನು 'ಚೇರ್ಮನ್' ಎನ್ನುತ್ತಾರೆ. ಚೇರ್ಮನ್ನನ ಅಳಿಯನಿಗೆ ಸೋಲಾರ್ ಕಂಪನಿ ಇದೆ. ಆ ಕಂಪನಿಗೆ ಪೆದ್ದಹರಿವಾಣಂ ಹಿಂದಿನ ಗುಡ್ಡ ಬೇಕಾಗಿತ್ತು. ಗುಡ್ಡದ ಮೇಲೆ ಕುರಿ ಮೇಯಿಸುವವರು ಬಿಡುವುದಿಲ್ಲ ಎಂದರು. ಮುಂಗಾರು ಬಿತ್ತನೆಯ ದಿನಗಳಲ್ಲಿ ಒಂದು ಸೋಮವಾರ ಕಂಪನಿಯ ಜೀಪಿನ ಗಾಜು ಗುಡ್ಡದಲ್ಲಿ ಒಡೆಯಿತು. ಡ್ರೈವರಿನ ಹಣೆಗೆ ಪೆಟ್ಟಾಯಿತು. ಸಾಯಂಕಾಲದ ಹೊತ್ತಿಗೆ ದೊಡ್ಡ ಚಾನೆಲ್ಲಿನಲ್ಲಿ ಒಂದು ವಿಡಿಯೋ ಬಂತು. ಉರುಕುಂದ ಎಂಬ ಇಪ್ಪತ್ತಾರು ವರ್ಷದ ಕುರಿಗಾರ ಕಟ್ಟಿಗೆಯ ಕೋಲು ಎತ್ತಿಕೊಂಡು, ಹಲ್ಲು ಕಚ್ಚಿ ಓಡಿ ಬರುತ್ತಿದ್ದಾನೆ. ಅವನ ಮುಖಕ್ಕೆ ಕೆಂಪು ಸುತ್ತು ಹಾಕಿದ್ದರು. ಅದಾದ ಮೇಲೆ ಜೀಪಿನ ಒಡೆದ ಗಾಜು, ಡ್ರೈವರಿನ ಹಣೆಯ ಬ್ಯಾಂಡೇಜು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಕ್ಯಾಮೆರಾಕ್ಕೆ ಸಿಕ್ಕ ದೃಶ್ಯ ಎಂದು ಹೇಳಿದರು. ಮೂರು ದಿನ, ಗಂಟೆಗೆ ನಾಲ್ಕು ಸಲ ತೋರಿಸಿದರು. ಮೂರನೆಯ ದಿನ ಉರುಕುಂದನನ್ನು ಹಿಡಿದು ಆದವಾನಿ ಸಬ್‌ಜೈಲಿಗೆ ಹಾಕಿದರು.

ಮರುದಿನ ಮೊದಲ ಬಸ್ಸಿಗೆ ಅವನ ತಾಯಿ ಪೀರಮ್ಮ ಆದವಾನಿಯಲ್ಲಿದ್ದ ನಾಗಜ್ಯೋತಿಯ ಮನೆಗೆ ಬಂದಳು. ಬಾಗಿಲಲ್ಲೇ ಕುಳಿತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಜ್ಯೋತಿ, ಸೋಮವಾರ ನನ್ನ ಮಗ ಗುಡ್ಡಕ್ಕ ಹೋಗೇ ಇಲ್ಲವ್ವಾ. ಕುರಿ ಮೈ ತೊಳಿಯಾಕ ಹಳ್ಳಕ್ಕ ಹೊಡ್ಕೊಂಡು ಹೋಗಿದ್ದ."

"ಮತ್ತ ಟಿವಿಯಾಗ ಕಟಗಿ ಎತ್ಯಾನಲ್ಲ, ಅತ್ತಿ?"

"ಅದು ಶನಿವಾರದ್ದು. ಕ್ಯಾಮೆರಾ ತಗೊಂಡು ಒಬ್ಬಾಂವ ಬಂದಿದ್ದ. ಕುರಿ ಕಾಯೋರ ಮ್ಯಾಲೆ ಪ್ರೋಗ್ರಾಂ ಮಾಡ್ತೀವಿ ಅಂದ. ತೋಳ ಬಂದೈತಿ ಅನ್ಕೊ, ಕಟಗಿ ಎತ್ತಿ ಓಡಿ ಬಾ ಅಂದ. ನನ್ನ ಮಗ ಮೂರು ಸಲ ಓಡ್ಯಾನ. ಮನಿಗೆ ಬಂದು ನಕ್ಕೊಂತ ಹೇಳಿದ, ಯವ್ವಾ ನಾ ಟಿವಿಯಾಗ ಬರ್ತೀನಿ ಅಂತ."

"ನೋಡಿದೋರು ಯಾರು ಅದಾರ?"

"ಕುರಿ ನೋಡ್ಯಾವ. ಕರ್ಕೊಂಡು ಬರ್ಲೇನು?"

ನಾಗಜ್ಯೋತಿ ಆ ವಿಡಿಯೋವನ್ನು ಫೋನಿನಲ್ಲಿ ಇಳಿಸಿಕೊಂಡಿದ್ದಳು. ಅಂದು ಮಧ್ಯಾಹ್ನದವರೆಗೂ ಅದನ್ನು ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ನಿಲ್ಲಿಸಿ ನೋಡುತ್ತ ಕುಳಿತಳಂತೆ. ಕ್ಯಾಮೆರಾ ಒಮ್ಮೆ ಅಲುಗಿದಾಗ ಉರುಕುಂದನ ಭುಜದ ಹಿಂದೆ, ಗುಡ್ಡದ ಕೆಳಗಿನ ಕೆಂಪು ಹೊಲ ಒಂದು ಕ್ಷಣ ಕಾಣುತ್ತದೆ. ಅಲ್ಲಿ ಬೆರಳುಗುರಿನಷ್ಟು ಚಿಕ್ಕದಾಗಿ ಒಂದು ಜೋಡಿ ಎತ್ತು ಬೀಜ ಬಿತ್ತುವ ಕೂರಿಗೆಯನ್ನು ಎಳೆಯುತ್ತಿದ್ದವು.

ಇದು ಹೊರಗಿನವರಿಗೆ ಏನೂ ಅಲ್ಲ. ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಅಂದು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮೇವು ಹಾಕಿ ನಿಲ್ಲಿಸುತ್ತಾರೆ. ಮಳೆ ಬಂದು ಹದ ಆರಿಹೋಗುತ್ತಿದ್ದರೂ ಮಂಗಳವಾರದವರೆಗೆ ಕಾಯುತ್ತಾರೆ. ಈಗ ಊರೆಲ್ಲ ಟ್ರ್ಯಾಕ್ಟರು. ಎತ್ತು ಉಳಿಸಿಕೊಂಡ ನಾಲ್ಕಾರು ಮನೆಯವರು ಈ ನೇಮವನ್ನೂ ಉಳಿಸಿಕೊಂಡಿದ್ದಾರೆ. ಹೈದರಾಬಾದಿನಲ್ಲಿ ಕುಳಿತು ವಿಡಿಯೋ ಕತ್ತರಿಸಿ ಜೋಡಿಸಿದವರಿಗೆ ಇದು ಹೇಗೆ ತಿಳಿಯಬೇಕು?

ಉರುಕುಂದನ ವಕೀಲರು ರಾಮಲಕ್ಷ್ಮಿ, ಕರ್ನೂಲಿನವರು. ಅವರು ನಕ್ಕುಬಿಟ್ಟರು.

"ಜಡ್ಜಿ ಮುಂದೆ ನಿಂತು ಎತ್ತಿಗೆ ಸೋಮವಾರ ರಜಾ ಅಂತ ಹೇಳಲೇನಮ್ಮಾ? ಬೇಲ್ ಅರ್ಜಿ ಒಮ್ಮೆ ಬಿದ್ದುಹೋಗಿದೆ. ಮತ್ತೆ ಹಾಕಬೇಕಂದ್ರೆ ಹೊಸ ಆಧಾರ ಬೇಕು. ಆ ಎತ್ತಿನವರು ಬಂದು, ನಾವು ಅಲ್ಲಿ ಬಿತ್ತಿದ್ದು ಶನಿವಾರ ಅಂತ ಪ್ರಮಾಣಪತ್ರ ಬರೆದುಕೊಟ್ಟರೆ ಅದು ಬೇರೆ ಮಾತು."

ಎತ್ತು ಯಾರವೆಂದು ಹುಡುಕುವ ಕಷ್ಟವಿರಲಿಲ್ಲ. ಗುಡ್ಡದ ಬುಡದಲ್ಲಿ ಎತ್ತಿನಿಂದ ಬಿತ್ತುವವರು ಗಂಡ ಹೆಂಡತಿ ಪಂಪಣ್ಣ, ಉಚ್ಚಮ್ಮ ಇಬ್ಬರೇ. ಪಂಪಣ್ಣನಿಗೆ ಅರವತ್ತೆಂಟು ವರ್ಷ. ನಾಗಜ್ಯೋತಿ ಹೋದಾಗ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಚಿತ್ರ ಹಿಗ್ಗಿಸಿ ಫೋನು ಕೈಗೆ ಕೊಟ್ಟರೆ ಅವನಿಗೆ ಮೊದಲು ಕಂಡದ್ದು ತಾನಲ್ಲ.

"ಏಯ್, ಇದು ನಮ್ಮ ಕೆಂದ ಅಲ್ಲೇನು? ಬಲಕ್ಕಿರೋದು ಮಾಳಿಗ. ಹಿಂದ ಇರೋ ಈ ಮುದುಕ ಯಾರು?"

"ಆ ಮುದುಕನ್ನ ನಾ ನಲವತ್ತೈದು ವರ್ಷದಿಂದ ನೋಡಾಕ ಹತ್ತೀನಿ," ಎಂದಳು ಉಚ್ಚಮ್ಮ ಬಗ್ಗಿ ನೋಡುತ್ತ. "ನಾನೂ ಅದೀನಿ ನೋಡಲ್ಲಿ, ಬೀಜ ಬಿಡಾಕ ಹತ್ತೀನಿ. ಟಿವಿಯೋರು ಮುಂಚೇನ ಹೇಳಿದ್ರ ಚಲೋ ಸೀರಿ ಉಟ್ಟಿರ್ತಿದ್ದೆ."

"ಇದು ಯಾವತ್ತು ಬಿತ್ತಿದ್ದು, ಮಾವ?" ಎಂದು ನಾಗಜ್ಯೋತಿ ಕೇಳಿದಳು.

"ಶುಕ್ರವಾರ ಮಳಿ ಆತು. ಶನಿವಾರ ಬಿತ್ತಿದ್ವಿ, ಹೊತ್ತು ಮುಣುಗೋದ್ರೊಳಗ ಮುಗಿಸಿದ್ವಿ."

"ಸೋಮವಾರ ಅಲ್ಲಲ್ಲ?"

ಪಂಪಣ್ಣ ಹಗ್ಗ ಕೆಳಗಿಟ್ಟ. "ನೀ ಈ ಊರಾಗ ಹುಟ್ಟಿದಾಕಿ. ನೀ ಕೇಳೋ ಮಾತೇನು ಇದು?"

ಕೋರ್ಟಿಗೆ ಬಂದು ಹೇಳುತ್ತೀಯಾ ಎಂದರೆ, ಉಳಿದ ಹೊಲ ಬಿತ್ತಿ ಮುಗಿಸಿ ಬರುತ್ತೇನೆ ಎಂದ. ನಾಗಜ್ಯೋತಿ ಸಮಾಧಾನದಿಂದ ಆದವಾನಿಗೆ ಮರಳಿದಳು. ಆಮೇಲೆ ತನ್ನ ನೇಮದಂತೆ ಚೇರ್ಮನ್ನನಿಗೆ ಕಾಗದ ಬರೆದಳು. ವಿಡಿಯೋ ಶನಿವಾರದ್ದು, ಅದರ ಹಿಂದೆ ಕಾಣುವ ಎತ್ತು ಪೆದ್ದಹರಿವಾಣಂ ಪಂಪಣ್ಣನವು, ಅವರು ಸೋಮವಾರ ಹೂಡುವುದಿಲ್ಲ, ಇದಕ್ಕೆ ನೀವೇನು ಹೇಳುತ್ತೀರಿ. ರಿಜಿಸ್ಟರ್ ಮಾಡಿಸಿ ಬಂದು ಹತ್ತು ದಿನ ಎಣಿಸತೊಡಗಿದಳು.

ಇಂಥ ಮೋಸಗಾರರಿಗೆ ಯಾರಾದರೂ ಸಾಕ್ಷಿಯ ಹೆಸರು, ಊರು ಬರೆದು ತಮ್ಮ ಕೈಯಾರೆ ಕಳಿಸುತ್ತಾರೆಯೇ ಎಂದು ನಾನು ಕೇಳಿಬಿಟ್ಟೆ. ಆಕೆ ತಲೆ ತಗ್ಗಿಸಿದಳು. "ಅವ್ರು ನನ್ನ ಮ್ಯಾಲೆ ಬರ್ತಾರ ಅನ್ಕೊಂಡಿದ್ದೆ. ಮುದುಕನ ತಾವ ಹೋಗ್ತಾರ ಅಂತ ಹೊಳೀಲೇ ಇಲ್ಲ," ಎಂದಳು.

ಆರನೆಯ ದಿನ ಪಂಪಣ್ಣನ ಮನೆಯ ಮುಂದೆ ಕಾರು ನಿಂತಿತು. ಇಳಿದವನು ಲಕ್ಷ್ಮಿಕಾಂತ್, ನಮ್ಮ ಜಿಲ್ಲೆಗೆ ದೊಡ್ಡ ಚಾನೆಲ್ಲಿನ ಮುಖ್ಯಸ್ಥ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಣ್ಣಿನ ಚೀಲ. ಅವನು ಗದರಿಸಲಿಲ್ಲ, ಬೆದರಿಸಲಿಲ್ಲ. ಪಂಪಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಉಚ್ಚಮ್ಮ ಅವನ ಮಾತನ್ನು, ಹಿರಿಯರನ್ನು ಕರೆಯುವ ಆ ತೆಲುಗು 'ಪೆದ್ದಾಯನಾ' ಸಮೇತ, ಅವನ ಧಾಟಿಯಲ್ಲೇ ನನಗೆ ಹೇಳಿ ತೋರಿಸಿದಳು.

"ಪೆದ್ದಾಯನಾ, ಈ ಜಿಲ್ಲಾದಾಗ ಎತ್ತಿನಿಂದ ಬಿತ್ತೋರು ಇನ್ನ ಎಷ್ಟು ಮಂದಿ ಉಳಿದಾರ ಹೇಳ್ರಿ. ನಿಮ್ಮಂಥ ಪುಣ್ಯಾತ್ಮರನ್ನ ಲೋಕ ನೋಡಬೇಕು. ನಮ್ಮ ಚೇರ್ಮನ್ ಗಾರು ಸ್ವಂತ ಕೈಯಿಂದ ನಿಮಗ ಸನ್ಮಾನ ಮಾಡ್ತಾರ."

ಪ್ರತಿ ವರ್ಷ ಆ ಚಾನೆಲ್ಲಿನವರು ಕರ್ನೂಲಿನಲ್ಲಿ ಉತ್ತಮ ರೈತರಿಗೆ ಸನ್ಮಾನ ಮಾಡುತ್ತಾರೆ. ಶಾಲು, ಹಾರ, ಒಂದು ಫಲಕ. ಎಲ್ಲವನ್ನೂ ಟಿವಿಯಲ್ಲಿ ನೇರವಾಗಿ ತೋರಿಸುತ್ತಾರೆ. ಅರವತ್ತೆಂಟರ ವಯಸ್ಸಿನವರೆಗೂ ಮಣ್ಣಲ್ಲಿ ದುಡಿದ ಮನುಷ್ಯನನ್ನು ಅದುವರೆಗೆ ಯಾರೂ ಒಂದು ಕುರ್ಚಿಯ ಮೇಲೆ ಕೂರಿಸಿರಲಿಲ್ಲ. ಅವನು ಹೋದ. ವೇದಿಕೆಯ ಮೇಲೆ ಚೇರ್ಮನ್ ಶಾಲು ಹೊದಿಸಿದ. ಮೈಕು ಹಿಡಿದ ಹುಡುಗಿ ತೆಲುಗಿನಲ್ಲಿ ಕೇಳಿದಳು, ಮೊನ್ನೆ ಗುಡ್ಡದಲ್ಲಿ ಗಲಾಟೆಯಾದ ಸೋಮವಾರವೂ ನೀವು ಎದೆಗುಂದದೆ ಬಿತ್ತನೆ ಮಾಡುತ್ತಿದ್ದಿರಲ್ಲವೇ ತಾತಾ ಎಂದು. ಎದುರಿಗೆ ಸಾವಿರ ಜನ. ಕಣ್ಣಿಗೆ ಹೊಡೆಯುವ ದೀಪ.

"ಔನು," ಎಂದ ಪಂಪಣ್ಣ.

ಆ ಒಂದು 'ಹೌದು' ಸಾಕಾಯಿತು. ಮರುದಿನವೆಲ್ಲ ಪಂಪಣ್ಣನ 'ಔನು' ಮತ್ತು ನಾಗಜ್ಯೋತಿಯ ಫೋಟೊ ಅಕ್ಕಪಕ್ಕದಲ್ಲಿ ಓಡಿದವು. ಕೆಳಗೆ 'ನಕಲಿ ಪತ್ರಕರ್ತೆಯ ಕಟ್ಟುಕತೆ ಬಯಲು' ಎಂಬ ಅಕ್ಷರ. ಹದಿನೈದು ವರ್ಷ ಸುದ್ದಿ ಬರೆದವಳು ನಕಲಿ, ಕುರಿ ಕಾಯುವವನನ್ನು ಮೂರು ಸಲ ಓಡಿಸಿ ಗೂಂಡಾ ಮಾಡಿದವರು ಅಸಲಿ. ಒಬ್ಬ ಮುದುಕ ಜೀವನವಿಡೀ ದೇವರ ಮುಂದೆ ಕಾಪಾಡಿಕೊಂಡು ಬಂದ ನೇಮವನ್ನು ಒಂದು ಶಾಲು ಹೊದಿಸಿ ಅವನ ಬಾಯಿಂದಲೇ ಮುರಿಸಿದರು. ಜೀಪಿನ ಗಾಜು ಒಡೆದರೆ ಕೇಸು ಹಾಕುತ್ತಾರೆ. ಇದಕ್ಕೆ ಯಾವ ಸೆಕ್ಷನ್ನಿನಲ್ಲೂ ಕೇಸಿಲ್ಲ.

ರಾಮಲಕ್ಷ್ಮಿ ಫೈಲು ಮುಚ್ಚಿದರು. ಎತ್ತಿನವನೇ ಸೋಮವಾರ ಎಂದ ಮೇಲೆ ಯಾವ ಮುಖ ಇಟ್ಟುಕೊಂಡು ಅರ್ಜಿ ಹಾಕಲಿ ಎಂದರು. ನಾಗಜ್ಯೋತಿ ಪೀರಮ್ಮನಿಗೆ ತಾನೇ ಹೇಳಬೇಕೆಂದು ಊರಿಗೆ ಹೋದಳು. ಪೀರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು.

"ನೀ ಕಾಗದ ಹಾಕಿ ಮನ್ಯಾಗ ಕಾದಿ. ನನ್ನ ಮಗ ಎಲ್ಲಿ ಕಾದ?"

ನಾಗಜ್ಯೋತಿ ಅಲ್ಲಿಂದೆದ್ದು ಪಂಪಣ್ಣನ ಮನೆಯತ್ತ ನಡೆದಳು. ಜಗಳಕ್ಕಲ್ಲ. ಏಕೆ ಹಾಗೆಂದೆ ಎಂದು ಒಮ್ಮೆ ಕೇಳಬೇಕಿತ್ತು.

ಅಂದೂ ಸೋಮವಾರವೇ. ಅಂಗಳದಲ್ಲಿ ಎರಡೂ ಎತ್ತು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ನಿಂತಿದ್ದವು. ಉಚ್ಚಮ್ಮ ಒಂದು ಬಟ್ಟೆಯಿಂದ ಕೆಂದನ ಬೆನ್ನು ಒರೆಸುತ್ತಿದ್ದಳು. ಜರಿಯ ಅಂಚು ನೋಡಿದರೆ ಅದು ಚೇರ್ಮನ್ ಹೊದಿಸಿದ ಶಾಲು.

"ಬಾರವ್ವಾ ಜ್ಯೋತಿ," ಎಂದಳು. "ಇದು ನೀರು ಚಲೋ ಹೀರ್ಕೊಂತೈತಿ. ಬ್ಯಾರೆ ಯಾತಕ್ಕೂ ಬರಂಗಿಲ್ಲ."

ಪಂಪಣ್ಣ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಉಚ್ಚಮ್ಮನ ಮಾತು ಅವನಿಗೆ ಕೇಳಲೆಂದೇ ಇತ್ತು.

"ನಾಲ್ಕು ದಿನದಿಂದ ಹೊರಗ ಬಂದಿಲ್ಲ, ಉತ್ತಮ ರೈತ. ನಳದ ತಾವ ನೀರಿಗೆ ಹೋದ್ರ ಸೋಮವಾರ ಹೂಡಿದೋರು ಬಂದ್ರು, ದಾರಿ ಬಿಡ್ರಿ ಅಂತಾರ. ಬಸವಣ್ಣನ ಗುಡಿ ಪೂಜಾರಿ ಕಾಯಿ ಒಡೀಲಿಲ್ಲ, ಆಮ್ಯಾಲೆ ನೋಡೋಣ ಅಂದ."

ಒಳಗಿನಿಂದ ದನಿ ಬಂತು. "ಗಡಿಬಿಡಿಯಾಗ ಬಾಯಿಗೆ ಬಂತು. ಆ ಹುಡುಗೀನೂ ತಲಿ ಆಡ್ಸಾಕ ಹತ್ತಿದ್ಲು, ನಾನೂ ಆಡ್ಸಿದೆ. ಹುಡುಗನ್ನ ಹ್ಯಾಂಗೂ ಬಿಡಸ್ತೀವಿ ಅಂದಿದ್ದ ಆ ಲಕ್ಷ್ಮಿಕಾಂತು."

"ಬಿಡಸ್ಯಾರೇನು?"

ಉಚ್ಚಮ್ಮ ಶಾಲು ಹಿಡಿದೇ ಬಾಗಿಲವರೆಗೆ ಹೋದಳು.

"ನೀ ಅಂದದ್ದು ಒಂದ ಮಾತು. ಅದನ್ನ ಈ ಮೂಕ ಪ್ರಾಣಿ ಮ್ಯಾಲೂ ಹಾಕಿದಿ, ಪೀರಮ್ಮನ ಮಗನ ಮ್ಯಾಲೂ ಹಾಕಿದಿ. ನನ್ನ ಮ್ಯಾಲೂ ಹಾಕಿದಿ. ಆ ದಿನ ಕೂರಿಗಿ ಹಿಡಿದಾಂವ ನೀನಾದ್ರ ಬೀಜ ಬಿಟ್ಟಾಕಿ ಯಾರು?"

ಶಾಲನ್ನು ಗೂಟಕ್ಕೆ ಹಾಕಿ ಆಕೆ ನಾಗಜ್ಯೋತಿಯ ಕಡೆ ತಿರುಗಿದಳು.

"ನೀನೂ ಅಷ್ಟ. ಬಂದಿ, ಫೋನು ಆತನ ಕೈಯಾಗ ಕೊಟ್ಟಿ, ಕೋರ್ಟಿಗೆ ಬರ್ತೀಯೇನು ಮಾವ ಅಂತ ಆತನ್ನ ಕೇಳಿದಿ. ಕಾರಿನಾಗ ಬಂದೋನೂ ಆತನ್ನ ಕೇಳಿದ. ವಿಡಿಯೋದಾಗ ಇಬ್ಬರು ಅದೀವಿ. ಬರ್ತೀಯೇನು ಅಂತ ನನ್ನ ಯಾರು ಕೇಳೀರಿ?"

ಚಾನೆಲ್ಲಿನವರ ಕಣ್ಣಿಗೆ ಬೀಳದ ಹೆಂಗಸು ಇಷ್ಟು ವರ್ಷ ದೊಡ್ಡವರ ತಪ್ಪು ಹುಡುಕಿದ ನಾಗಜ್ಯೋತಿಯ ಕಣ್ಣಿಗೂ ಬಿದ್ದಿರಲಿಲ್ಲ.

"ಈಗ ಕೇಳ್ತೀನಿ, ಅತ್ತಿ. ಬರ್ತೀಯೇನು?"

"ತಡಿ, ಸೀರಿ ಬದಲಿ ಮಾಡ್ತೀನಿ. ಈ ಸಲ ಗೊತ್ತೈತಲ್ಲ ಎಲ್ಲಿಗೆ ಹೋಗೋದು ಅಂತ."

ಆದವಾನಿ ಕೋರ್ಟಿನ ಹೊರಗೆ ಬೇವಿನ ಮರದ ನೆರಳಿನಲ್ಲಿ ನೋಟರಿ ಕುಳಿತಿದ್ದರು. ರಾಮಲಕ್ಷ್ಮಿ ತೆಲುಗಿನಲ್ಲಿ ಬರೆಸಿದ್ದನ್ನು ಉಚ್ಚಮ್ಮನಿಗೆ ಓದಿ ಹೇಳಿದರು. ಆಕೆ ಸಾಲು ಸಾಲಿಗೂ ತಲೆಯಾಡಿಸಿ ಕೊನೆಗೆ ಕೈ ಅಡ್ಡ ಹಿಡಿದಳು. ಶನಿವಾರ ಬಿತ್ತುವಾಗ ಉರುಕುಂದ ಗುಡ್ಡದ ಮೇಲೆ ಓಡಿದ್ದು, ಕ್ಯಾಮೆರಾದವನು ಮತ್ತೊಮ್ಮೆ ಓಡು ಎಂದು ಕೂಗಿದ್ದು, ಮೂರನೆಯ ಸಲ ಓಡುವಾಗ ಹುಡುಗ ನಗುತ್ತಿದ್ದದ್ದು, ಇಷ್ಟನ್ನೂ ತಾನು ಹೊಲದಿಂದ ಕಂಡು, ಕೇಳಿದ್ದಾಗಿ ಹೇಳಿದಳು. ಇದನ್ನೇಕೆ ಮೊದಲೇ ಹೇಳಲಿಲ್ಲ ಎಂದು ವಕೀಲರು ಕೇಳಿದರು. "ನೀವು ಎತ್ತಿನ ಬಗ್ಗಿ ಕೇಳಾಕ ಹತ್ತಿದ್ರಿ," ಎಂದಳು. ಅದನ್ನೂ ಸೇರಿಸಿ ಮತ್ತೆ ಬರೆಸಿದರು.

ಆಕೆ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಪಂಪಣ್ಣ ಮುಂದಿನ ಬಸ್ಸಿನಿಂದ ಇಳಿದು ಬಂದ. ಯಾರೂ ಅವನನ್ನು ಕರೆದಿರಲಿಲ್ಲ. ಮರದ ಆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ನೋಟರಿಯ ಮೇಜಿನ ಹತ್ತಿರ ಬಂದು, "ನಂದೂ ಬರ್ಕೋರಿ. ಅಲ್ಲಿ ಸುಳ್ಳು ಹೇಳೀನಿ ಅಂತ ಬರ್ಕೋರಿ," ಎಂದ. ಉಚ್ಚಮ್ಮ ಸರಿದು ಬೆಂಚಿನ ಮೇಲೆ ಜಾಗ ಕೊಟ್ಟಳು.

ಎರಡನೆಯ ಅರ್ಜಿ ಬಂದಾಗ ನ್ಯಾಯಾಧೀಶರು ಮೂಲ ವಿಡಿಯೋ ತರಲು ಚಾನೆಲ್ಲಿಗೆ ಹೇಳಿದರು. ಅಳಿಸಿಹೋಗಿದೆ ಎಂದು ಉತ್ತರ ಬಂತು. ಮೂರು ದಿನ ಗಂಟೆಗೆ ನಾಲ್ಕು ಸಲ ತೋರಿಸಿದ್ದು ಕೋರ್ಟು ಕೇಳಿದಾಗ ಅಳಿಸಿಹೋಗಿತ್ತು. ಮೂವತ್ತೆಂಟನೆಯ ದಿನ ಉರುಕುಂದನಿಗೆ ಬೇಲ್ ಸಿಕ್ಕಿತು. ದೊಡ್ಡ ಚಾನೆಲ್ಲು ಅದನ್ನು ಒಂದು ಸಾಲಿನಲ್ಲೂ ಹೇಳಲಿಲ್ಲ. ಉಳಿದ ಇಪ್ಪತ್ತು 'ಪ್ರೆಸ್' ಬೈಕುಗಳವರಲ್ಲಿ ಒಬ್ಬರೂ ಬರೆಯಲಿಲ್ಲ. ನಾಳೆ ನಮಗೂ ಅಲ್ಲಿ ಕೆಲಸ ಬೇಕಾಗಬಹುದಲ್ಲ ಅಕ್ಕಾ ಎಂದು ಒಬ್ಬ ನಾಗಜ್ಯೋತಿಗೆ ನೇರವಾಗಿಯೇ ಹೇಳಿದನಂತೆ.

ಆ ತಿಂಗಳ ನಾಲ್ಕು ಪುಟವೂ ಉರುಕುಂದನ ಕತೆಯೇ. ಚೇರ್ಮನ್, ಅಳಿಯ, ಲಕ್ಷ್ಮಿಕಾಂತ್ ಎಲ್ಲರ ಹೆಸರೂ ಇತ್ತು. ತನ್ನ ಕಾಗದದಿಂದ ಸಾಕ್ಷಿ ಕೆಟ್ಟ ಬಗೆಯನ್ನೂ ನಾಗಜ್ಯೋತಿ ಬರೆದಳು. ಮೊದಲ ಪುಟದ ನಡುವೆ ಉರುಕುಂದನ ದೊಡ್ಡ ಫೋಟೊಗೆ ಜಾಗ ಬಿಟ್ಟು, ಅದನ್ನು ತೆಗೆಯಲು ಅವನ ಮನೆಗೆ ಹೋದಳು. ಅವನು ಕುರಿ ಹಟ್ಟಿಯಲ್ಲಿದ್ದ. ಫೋನು ಎತ್ತಿದ್ದೇ ತಡ, ಮುಖ ತಿರುಗಿಸಿದ.

"ಪೋಟೊ ಬ್ಯಾಡಕ್ಕ."

"ನೀ ತಪ್ಪು ಮಾಡಿಲ್ಲ ಅಂತ ಬರದೀನಿ, ಉರುಕುಂದ. ಮುಖ ಕಂಡ್ರ ಜನ ನಂಬ್ತಾರ."

"ಮುಖ ಕಂಡೇ ಗುರುತು ಹಿಡೀತಾರಕ್ಕ. ಜೈಲಿಂದ ಬರ್ತಾ ಬಸ್ಸಿನಾಗ ಪಕ್ಕದಾಕಿ ಮಗೂನ ಎತ್ಕೊಂಡು ಎದ್ದು ಹಿಂದ ಹೋದ್ಲು. ನೀ ಮತ್ತೊಂದು ಸಲ ತೋರಿಸಿದ್ರ ಮತ್ತ ನೆಪ್ಪಾಗ್ತೈತಿ. ಮರೀಲಿ ಬಿಡು."

ಪೀರಮ್ಮ ಒಳಗಿನಿಂದ ಚಹಾ ತಂದು ನಾಗಜ್ಯೋತಿಯ ಮುಂದಿಟ್ಟಳು. "ಆತ ಬ್ಯಾಡಂದ್ರ ಬ್ಯಾಡ ಬಿಡವ್ವಾ. ಚಾ ಕುಡಿ," ಎಂದಳು.

ನಾಗಜ್ಯೋತಿ ಫೋನನ್ನು ಚೀಲಕ್ಕೆ ಹಾಕಿದಳು. ಫೋಟೊಗೆ ಬಿಟ್ಟ ಜಾಗದಲ್ಲಿ ಏನೂ ಹಾಕದೆ ಹಾಗೆಯೇ ಅಚ್ಚು ಮಾಡಿಸಿದಳು. ನನ್ನ ಹತ್ತಿರ ಆ ಸಂಚಿಕೆ ಇದೆ.

ಕೇಸು ಇನ್ನೂ ಮುಗಿದಿಲ್ಲ. ಹದಿನೈದು ದಿನಕ್ಕೊಮ್ಮೆ ಉರುಕುಂದ ಠಾಣೆಗೆ ಬಂದು ಸಹಿ ಹಾಕಬೇಕು. ಮೊನ್ನೆ ಅವನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡೆ. ಬಿಸಿಲಿರಲಿಲ್ಲ, ಧೂಳಿರಲಿಲ್ಲ. ಕಣ್ಣಷ್ಟೇ ಬಿಟ್ಟು ಮುಖವನ್ನೆಲ್ಲ ಟವೆಲಿನಿಂದ ಸುತ್ತಿಕೊಂಡು, ಗೋಡೆಯ ಕಡೆ ತಿರುಗಿ ನಿಂತಿದ್ದ.